‘ಲೇಡಿ ಓನರ್’ ಎಂಬ ಹೊಗಳಿಕೆ

ಕಳೆದ ವರ್ಷ ನನ್ನ ಡೀಸೆಲ್ ಕಾರನ್ನು ಇಲ್ಲಿನ ಡೀಲರ್ ಒಬ್ಬರಿಗೆ ಮಾರಿದೆ. ವಾರದೊಳಗೆ ಅದರ ಜಾಹೀರಾತು ಕಣ್ಣಿಗೆ ಬಿತ್ತು: ‘ಒನ್ ಕೇರ್‌ಫುಲ್ ಲೇಡಿ ಓನರ್’. ಆ ಕಾರನ್ನು ನಾನು 6 ವರ್ಷ, ಕೆಲಸದ ದಿನಗಳಲ್ಲಿ ತಲಾ 50 ಮೈಲಿ, ಮೋಟರ್‌ವೇಯಲ್ಲಿ ಓಡಿಸಿದ್ದೇನೆ. ಎರಡು ಸಲ ಕಂಬಕ್ಕೆ ತಾಗಿಸಿದ್ದೂ ಉಂಟು. ಡೀಲರ್ ಇದಾವುದನ್ನೂ ಕೇಳಲಿಲ್ಲ. ಕಾಗದದಲ್ಲಿದ್ದ ಹೆಣ್ಣಿನ ಹೆಸರೇ ಅವರಿಗೆ ಸಾಕಾಗಿತ್ತು.

ಬ್ರಿಟನ್ನಿನ ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರದಲ್ಲಿ ಇದು ಹಳೆಯ ಮಾತು. ಬೆಂಗಳೂರಿನ ಜಾಹೀರಾತುಗಳ ‘ಲೇಡಿ ಡ್ರಿವನ್’ ಕೂಡ ಇದೇ ಜಾತಿಯದು. ಕೇಳಲು ಹೊಗಳಿಕೆ. ಆದರೆ ಕೊಳ್ಳುವವರಿಗೆ ಅದು ಹೇಳುವುದು ಬೇರೆ: ಕಾರು ದೂರ ಹೋಗಿಲ್ಲ, ವೇಗ ಕಂಡಿಲ್ಲ, ಅಂಗಡಿ ಮತ್ತು ಶಾಲೆಯನ್ನು ದಾಟಿಲ್ಲ. ಹೊಗಳಿರುವುದು ಹೆಣ್ಣಿನ ಚಾಲನೆಯನ್ನಲ್ಲ, ಆಕೆ ಹೆಚ್ಚು ಓಡಿಸಿರಲಾರಳೆಂಬ ಊಹೆಯನ್ನು.

ಇದರ ಒರಟು ರೂಪವನ್ನು 2017ರಲ್ಲಿ ಚೀನಾದಲ್ಲಿ ಬಂದ ಔಡಿಯ ಸೆಕೆಂಡ್ ಹ್ಯಾಂಡ್ ಕಾರುಗಳ ಜಾಹೀರಾತಿನಲ್ಲಿ ಕಾಣಬಹುದು. ಮದುವೆ ನಡೆಯುತ್ತಿರುವಾಗ ಅತ್ತೆ ಮುನ್ನುಗ್ಗಿ ವಧುವಿನ ಮೂಗು ಹಿಂಡಿ, ಕಿವಿ ಎಳೆದು, ಬಾಯಿ ತೆರೆಸಿ ಪರೀಕ್ಷಿಸುತ್ತಾಳೆ. ಮುಖ್ಯ ನಿರ್ಧಾರವನ್ನು ಎಚ್ಚರದಿಂದ ಕೈಗೊಳ್ಳಬೇಕೆಂಬುದು ಸಂದೇಶ. ಜನ ಕೆರಳಿದರು, ಕಂಪನಿ ಕ್ಷಮೆ ಕೇಳಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಡಿಸಿ, ನಡೆಸಿ ನೋಡಿದ ಮನೆಗಳಿಂದ ಬಂದ ನಮಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹೆಣ್ಣೇ ಸರಕು. ‘ಲೇಡಿ ಓನರ್’ನಲ್ಲಿ ಸರಕಿಗೆ ಅಂಟಿಸಿದ ಚೀಟಿ.

ಹಾನಿ ಅಥವಾ ತೀವ್ರ ಅಸಮಾಧಾನ ಉಂಟುಮಾಡಬಹುದಾದ ಲಿಂಗ ಸಿದ್ಧಮಾದರಿಗಳನ್ನು ಬ್ರಿಟನ್ನಿನ ಜಾಹೀರಾತು ನಿಯಮಗಳು 2019ರ ಜೂನ್‌ನಿಂದ ನಿಷೇಧಿಸಿವೆ. ಆ ಆಗಸ್ಟ್‌ನಲ್ಲೇ ಫೋಕ್ಸ್‌ವ್ಯಾಗನ್‌ನ ವಿದ್ಯುತ್ ಕಾರಿನ ಜಾಹೀರಾತೊಂದು ನಿಂತಿತು. ಅದರಲ್ಲಿ ಗಂಡಸರು ಬಾಹ್ಯಾಕಾಶದಲ್ಲಿ ತೇಲುತ್ತಿದ್ದರು, ಹೆಂಗಸು ಮಗುವಿನ ತಳ್ಳುಗಾಡಿಯ ಪಕ್ಕ ಕೂತಿದ್ದಳು. ‘ಲೇಡಿ ಓನರ್’ ಮಾತ್ರ ಉಳಿದುಕೊಂಡಿದೆ. ಹೊಗಳಿಕೆಯ ಮೇಲೆ ದೂರು ಕೊಡುವವರು ಯಾರು?

ಕೊಳ್ಳುವವರಿಗೂ ಇದರಿಂದ ನಷ್ಟವೇ. ಡೀಸೆಲ್ ಕಾರನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆ ಮಸಿ ಸುಟ್ಟುಹೋಗಲು ಒಂದಷ್ಟು ಹೊತ್ತು ವೇಗದ ಓಟ ಬೇಕು. ನನ್ನ ಕಾರಿನ ದೊಡ್ಡ ಗುಣವೇ ಮೋಟರ್‌ವೇಯಲ್ಲಿ ಓಡಿದ್ದು. ಜಾಹೀರಾತು ಮುಚ್ಚಿಟ್ಟದ್ದೂ ಅದನ್ನೇ. ಇಲ್ಲಿ ಸರ್ಕಾರದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಕಾರಿನ ಎಂಒಟಿ ಪರೀಕ್ಷೆಗಳ ಫಲಿತಾಂಶವೂ ಆಯಾ ದಿನದ ಮೈಲಿಯೂ ಉಚಿತವಾಗಿ ಸಿಗುತ್ತವೆ. ಇಷ್ಟಿರುವಾಗ ಓಡಿಸಿದವರು ಹೆಣ್ಣೋ ಗಂಡೋ ಎಂಬುದರಿಂದ ಇಂಜಿನ್ನಿನ ಬಗ್ಗೆ ತಿಳಿಯುವುದೇನು?

ನಮ್ಮವರ ವಾಟ್ಸಾಪ್ ಗುಂಪುಗಳಲ್ಲೂ ‘ಲೇಡಿ ಡ್ರಿವನ್’ ಎಂದು ಬರೆದು ಕಾರು ಮಾರುತ್ತೇವೆ. ಅದನ್ನು ಬಿಡೋಣ. ಮುಂದಿನ ಸಲ ನನ್ನ ಜಾಹೀರಾತನ್ನು ನಾನೇ ಬರೆಯುತ್ತೇನೆ: ದಿನಕ್ಕೆ 50 ಮೈಲಿ ಓಡಿದೆ, ಸರ್ವಿಸ್ ದಾಖಲೆ ಪೂರ್ತಿ ಇದೆ, ಎರಡು ಸಲ ಕಂಬಕ್ಕೆ ತಾಗಿದೆ.