ಹೊಸ್ತಿಲಲ್ಲಿ ನಿಂತ ಲಕ್ಷ್ಮಿ

ಟಿನ್ ಫ್ಯಾಕ್ಟರಿಯ ಬಸ್ಸು ನಿಲ್ದಾಣದಲ್ಲಿ ಬೆಳಗ್ಗೆ ಏಳು ಗಂಟೆಗೆ ಹತ್ತು ನಿಮಿಷ ನಿಂತವರಿಗೆ ಬೆಂಗಳೂರು ಯಾರ ದುಡಿಮೆಯಿಂದ ನಡೆಯುತ್ತದೆಂಬುದು ತಿಳಿದುಹೋಗುತ್ತದೆ. ಹೊಸಕೋಟೆ, ಮಾಲೂರು, ಕೋಲಾರದ ಕಡೆಯಿಂದ ಹಳೆಯ ಮದ್ರಾಸು ರಸ್ತೆಯಲ್ಲಿ ಬರುವ ಬಸ್ಸುಗಳು ಇಲ್ಲಿ ಜನರನ್ನು ಇಳಿಸುತ್ತವೆ. ಗಾರೆ ಕೆಲಸದವರು, ಹೂ ಮಾರುವವರು, ಮನೆಗೆಲಸದ ಹೆಂಗಸರು. ಒಬ್ಬನ ಹೆಗಲಲ್ಲಿ ಹಾರೆ, ಒಬ್ಬಳ ಕಂಕುಳಲ್ಲಿ ಕೂಸು, ಎಲ್ಲರ ಕೈಯಲ್ಲೂ ಬುತ್ತಿಯ ಚೀಲ. ಇದೇ ರಸ್ತೆ ಹಿಡಿದು ಹೋದರೆ ಸಿಗುವ ಹೊಸಕೋಟೆ ತಾಲ್ಲೂಕಿನ ಊರು ದಂಡುಪಾಳ್ಯ. ದಂಡು, ಪಾಳ್ಯ ಎರಡೂ ಬೀಡುಬಿಟ್ಟ ಸೈನ್ಯಕ್ಕೆ ಸಂಬಂಧಿಸಿದ ಮಾತುಗಳು. ಬೆಂಗಳೂರು ದಂಡಿನ ಮಗ್ಗುಲಲ್ಲೇ ಬದುಕುವ ನಮಗೆ ಅಂಥ ಹೆಸರಿನಲ್ಲಿ ಅಂಜತಕ್ಕದ್ದೇನೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಆ ಊರಿನ ಹೆಸರು ಹೊತ್ತ ತಂಡವೊಂದರ ಮೇಲೆ ಸಾಲುಸಾಲಾಗಿ ಕೊಲೆ, ದರೋಡೆಗಳ ಆರೋಪ ಬಂದ ಮೇಲೆ ಆ ಹೆಸರಿನ ಅರ್ಥವೇ ಬದಲಾಯಿತು. 2012ರಲ್ಲಿ ನಿರ್ದೇಶಕ ಶ್ರೀನಿವಾಸ ರಾಜು ಅವರ ‘ದಂಡುಪಾಳ್ಯ’ ಬಂದಾಗ ಕನ್ನಡ ನಾಡಿನ ಮನೆಮನೆಯಲ್ಲೂ ಅದೇ ಮಾತಾಯಿತು. ಅನಂತರ 2017ರಲ್ಲಿ ‘2’ ಎಂಬ ಬರಿಯ ಅಂಕಿಯನ್ನು ಹೆಸರಾಗಿಟ್ಟುಕೊಂಡು ಎರಡನೆಯದೂ, 2018ರಲ್ಲಿ ‘3’ ಎಂದು ಮೂರನೆಯದೂ ಬಂದವು.

ಈ ಮೂರು ಚಿತ್ರಗಳನ್ನು ಈಚೆಗೆ ಒಂದರ ಹಿಂದೆ ಒಂದಾಗಿ ಮತ್ತೆ ನೋಡಿದೆ. ಕಥೆಯ ವಿಚಾರ ಸಾಕಷ್ಟು ಚರ್ಚೆಯಾಗಿದೆ. ರಕ್ತಪಾತ ಅತಿಯಾಯಿತೆಂದು ದೂರಿದವರ ಮಾತು ನ್ಯಾಯವಾದದ್ದೇ. ನಾನು ಹೇಳಹೊರಟಿರುವುದು ಅಭಿನಯದ ವಿಷಯ. ಏಕೆಂದರೆ ಈ ಸರಣಿ ತನ್ನ ನಟರ ಮುಂದೆ ಒಂದು ವಿಚಿತ್ರವಾದ ಪರೀಕ್ಷೆಯನ್ನು ಇಟ್ಟಿತು. ಮೊದಲ ಚಿತ್ರದಲ್ಲಿ ಕೊಲೆಗಡುಕರಾಗಿದ್ದವರೇ ಎರಡನೆಯದರಲ್ಲಿ, ಅದೇ ಹೆಸರು ಅದೇ ವೇಷದಲ್ಲಿ, ಒಂದು ವೇಳೆ ನಿರಪರಾಧಿಗಳೋ ಏನೋ ಎಂಬಂತೆ ನಮ್ಮ ಮುಂದೆ ನಿಲ್ಲಬೇಕಾಯಿತು. ಕನ್ನಡದ ಬೇರೆ ಯಾವ ಚಿತ್ರಸರಣಿಯೂ ನಟರಿಗೆ ಇಂಥ ಕೆಲಸ ಕೊಟ್ಟದ್ದು ನನ್ನ ನೆನಪಿಗೆ ಬಾರದು.

ಹಿಂದೆ ಹೀಗಿರಲಿಲ್ಲ. 1968ರಲ್ಲಿ ‘ಜೇಡರ ಬಲೆ’ಯಿಂದ ದೊರೈ-ಭಗವಾನ್ ಜೋಡಿ ಆರಂಭಿಸಿದ ಸಿ.ಐ.ಡಿ. 999 ಚಿತ್ರಗಳಲ್ಲಿ ರಾಜಕುಮಾರ್ ಅವರು ಪತ್ತೇದಾರ. ದುಷ್ಟನೆಂಬವನು ದೂರದ ಅಡಗುದಾಣದಲ್ಲಿ, ದೀಪಗಳು ಮಿನುಗುವ ಯಂತ್ರಗಳ ನಡುವೆ ಇರುತ್ತಿದ್ದ. ಚಿತ್ರ ಮುಗಿಸಿ ಮನೆಗೆ ಹೋದ ಗೃಹಸ್ಥ ನೆಮ್ಮದಿಯಾಗಿ ಊಟ ಮಾಡಿ ಮಲಗಬಹುದಿತ್ತು. ದಂಡುಪಾಳ್ಯದ ದುಷ್ಟರಾದರೋ ನಡುಹಗಲಿನಲ್ಲಿ ಕದ ತಟ್ಟಿ ಕುಡಿಯಲು ನೀರು ಕೇಳುತ್ತಾರೆ.

ಆ ನೀರು ಕೇಳುವ ಲಕ್ಷ್ಮಿಯ ಪಾತ್ರದಲ್ಲಿ ಪೂಜಾ ಗಾಂಧಿ. 2006ರ ‘ಮುಂಗಾರು ಮಳೆ’ಯ ನಂದಿನಿಯಾಗಿ ಕನ್ನಡಿಗರಿಗೆ ಪ್ರಿಯರಾದವರು. ಲಕ್ಷ್ಮಿ ಬೀಡಿ ಸೇದುವ ಗತ್ತಿಗೆ, ಬೈಗುಳಕ್ಕೆ ಆಗ ಚಪ್ಪಾಳೆ ಬಿತ್ತು. ನನ್ನ ಮಟ್ಟಿಗೆ ಅವು ಸುಲಭದ ಕೆಲಸ. ಸಾಧಾರಣ ನಟಿಯೂ ಅಷ್ಟನ್ನು ಮಾಡಿಯಾಳು. ದೊಡ್ಡ ಅಭಿನಯವಿರುವುದು ಹೊಸ್ತಿಲಿನಲ್ಲಿ. ಅಲ್ಲಿ ಅವರು ದನಿಯನ್ನು ಎತ್ತುವುದೂ ಇಲ್ಲ, ಅತಿಯಾಗಿ ದೈನ್ಯ ತೋರುವುದೂ ಇಲ್ಲ. ದಣಿದು ಬಂದ ಹೆಂಗಸು ಮತ್ತೊಬ್ಬ ಹೆಂಗಸಿನ ಮುಂದೆ ಹೇಗೆ ನಿಲ್ಲುವಳೋ ಹಾಗೆ ನಿಲ್ಲುತ್ತಾರೆ. ಕೊಲೆಗಾತಿಯು ದಣಿದವಳಂತೆ ನಟಿಸುತ್ತಿದ್ದಾಳೆ ಎಂದು ಪ್ರೇಕ್ಷಕನಿಗೆ ಕಣ್ಣುಮಿಟುಕಿಸಿ ತಿಳಿಸುವ ಚಪಲ ಎಂಥವರಿಗೂ ಬರುವಂಥದು. ಅದನ್ನು ಅವರು ತಡೆದುಕೊಂಡಿದ್ದಾರೆ. ಆ ಗಳಿಗೆಯಲ್ಲಿ ಲಕ್ಷ್ಮಿಗೆ ನಿಜವಾಗಿಯೂ ಬಾಯಾರಿದೆ. ಭಯಾನಕ ರಸ ಹುಟ್ಟುವುದು ಅಲ್ಲಿ; ಮಚ್ಚು ಹೊರಬಂದ ಮೇಲೆ ಉಳಿಯುವುದು ಬರಿಯ ಬೀಭತ್ಸ.

ಆ ಅಭಿನಯ ಎಷ್ಟು ಗೆದ್ದಿತೆಂಬುದಕ್ಕೆ ನನ್ನ ಮನೆಯದೇ ಸಾಕ್ಷಿ ಹೇಳಬೇಕು. ಹೇಳಿಕೊಳ್ಳಲು ನಾಚಿಕೆಯೂ ಆಗುತ್ತದೆ. ಚಿತ್ರ ನೋಡಿದ ವಾರದಲ್ಲೇ ಒಂದು ಮಧ್ಯಾಹ್ನ, ಎದುರು ನಿವೇಶನದಲ್ಲಿ ಮನೆ ಕಟ್ಟುತ್ತಿದ್ದ ಕಡೆಯಿಂದ ಒಬ್ಬ ಹೆಂಗಸು ಬಂದು, “ಅಣ್ಣಾ, ಒಸಿ ನೀರು ಕೊಡಣ್ಣ” ಎಂದಳು. ನಾನು ಕದ ತೆರೆಯಲಿಲ್ಲ. ಕಿಟಕಿಯ ಸರಳುಗಳ ನಡುವೆ ಚೆಂಬು ಹಿಡಿಸದೆ ಲೋಟದಲ್ಲಿ ಕೊಟ್ಟೆ. ಅವಳು ಮೂರು ಸಲ ಲೋಟ ಚಾಚಿದಳು. ಮೂರನೆಯ ಸಲ ನನ್ನ ಮುಖವನ್ನು ನೋಡಿ ಏನನ್ನೋ ತಿಳಿದುಕೊಂಡವಳಂತೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು.

ಇದಕ್ಕೆ ನಟಿಯನ್ನು ದೂರಲಾಗದು. ಆದರೆ ಚಿತ್ರದ ಆಹಾರ್ಯವನ್ನು ದೂರಬಹುದು. ಬಿಳಿಯ ಮೈಬಣ್ಣದ ತಾರೆಗೆ ಕಪ್ಪು ಬಳಿದು, ತಲೆ ಕೆದರಿಸಿ, ಬಟ್ಟೆ ಮಾಸಿಸಿ, ಇದು ಕೊಲೆಗಡುಕರ ರೂಪ ಎಂದರೆ, ಹುಟ್ಟಿನಿಂದಲೇ ಆ ಬಣ್ಣ, ಬಡತನದಿಂದ ಆ ಬಟ್ಟೆ ಇರುವವರು ಏನು ಮಾಡಬೇಕು? ಬಿಸಿಲಿನಲ್ಲಿ ಕಲ್ಲು ಮಣ್ಣು ಹೊರುವವರ ಚಹರೆಯನ್ನೇ ಅಪರಾಧದ ಚಹರೆಯಾಗಿ ಮಾಡಿದ್ದು ಈ ಸರಣಿಯ ದೊಡ್ಡ ಕುಂದು. ಪೂಜಾ ಗಾಂಧಿಯವರ ಆಂಗಿಕಕ್ಕೆ ಆ ಬಣ್ಣದ ಊರುಗೋಲು ಬೇಕಾಗಿರಲಿಲ್ಲ.

ಮಕರಂದ ದೇಶಪಾಂಡೆಯವರ ಕೃಷ್ಣನನ್ನು ಹಲವರು ಮೇಲೆತ್ತಿ ಹೊಗಳಿದ್ದಾರೆ. ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ ನಟ. 1998ರ ಹಿಂದಿ ‘ಸತ್ಯ’ದಲ್ಲಿ ವಕೀಲನ ಪಾತ್ರದಲ್ಲಿ ಕಂಡವರಿಗೆ ಅವರ ಕಣ್ಣುಗಳ ಶಕ್ತಿ ಗೊತ್ತು. ಇಲ್ಲಿಯೂ ಆ ಕಣ್ಣುಗಳಿವೆ. ಕೃಷ್ಣ ಎಲ್ಲಿಯೂ ನೋಡದೆ ನೋಡುತ್ತಾನೆ. ಆದರೂ ನನಗೆ ಅವನು ಹೊಸಕೋಟೆಯ ಕಡೆಯವನೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಯಾವ ಊರಿಗೂ ಸೇರದ ಪಿಶಾಚಿಯಂತೆ ಕಾಣುತ್ತಾನೆ. ಪಿಶಾಚಿ ಎಷ್ಟೇ ಚೆನ್ನಾಗಿದ್ದರೂ ಪಿಶಾಚಿಯೇ. ಅವನ ಮಟ್ಟಿಗೆ ಹೆದರಿ ಮರೆಯಬಹುದು.

ನಾನು ಈ ಸರಣಿಯ ಶ್ರೇಷ್ಠ ಅಭಿನಯವೆಂದು ಎಣಿಸುವುದು ಪಿ. ರವಿಶಂಕರ್ ಅವರ ಇನ್ಸ್‌ಪೆಕ್ಟರ್ ಚಲಪತಿಯನ್ನು. ತಂದೆ ಪಿ. ಜೆ. ಶರ್ಮ ಅವರಿಂದ ಬಂದ ಕಂಠ. ಅಣ್ಣ ಸಾಯಿಕುಮಾರ್ ಅದೇ ವಂಶದ ಕಂಠದಿಂದ 1996ರ ‘ಪೊಲೀಸ್ ಸ್ಟೋರಿ’ಯಲ್ಲಿ ಗರ್ಜಿಸಿ, ಕನ್ನಡದ ಪೊಲೀಸು ಅಧಿಕಾರಿ ಎಂದರೆ ಹೀಗೆಯೇ ಮಾತಾಡಬೇಕೆಂಬ ಒಂದು ಪದ್ಧತಿಯನ್ನೇ ಹಾಕಿಕೊಟ್ಟರು. ತಮ್ಮನೂ ವರ್ಷಗಟ್ಟಲೆ ಪರರ ತುಟಿಗಳಿಗೆ ದನಿ ಕೊಟ್ಟು, 2011ರ ‘ಕೆಂಪೇಗೌಡ’ದಲ್ಲಿ ಆರ್ಮುಗನಾಗಿ ಅಬ್ಬರಿಸಿದವರೇ. ಅಂಥವರು ಚಲಪತಿಯಾಗಿ ಆ ಕಂಠವನ್ನು ಹಿಡಿತದಲ್ಲಿಟ್ಟುಕೊಂಡದ್ದು ವಿಶೇಷ. ಗುಡುಗು ಒಳಗಿದೆಯೆಂಬುದು ನಮಗೆ ಗೊತ್ತು. ಅದು ಹೊರಬರುವ ತನಕ ನಾವು ಕಾಯುತ್ತೇವೆ.

ಮೊದಲ ಚಿತ್ರದಲ್ಲಿ ಚಲಪತಿಯ ಏಟು ಬಿದ್ದಾಗ ಚಿತ್ರಮಂದಿರದಲ್ಲಿ ಸಿಳ್ಳೆ ಕೇಳಿದ್ದೆ. ಎರಡನೆಯದರಲ್ಲಿ ಅದೇ ಕೈ, ಅದೇ ಏಟು. ಆದರೆ ನೋಡುವ ನಮ್ಮ ಸ್ಥಾನ ಬದಲಾಗಿದೆ. ಶ್ರುತಿಯವರು ವಹಿಸಿದ ಅಭಿವ್ಯಕ್ತಿ ಎಂಬ ಪತ್ರಕರ್ತೆಗೆ ಬಂದಿಗಳು ತಮ್ಮ ಕಡೆಯ ಕಥೆ ಹೇಳುತ್ತಾರೆ. ಅದರ ಪ್ರಕಾರ ಒಪ್ಪಿಗೆಯೆಲ್ಲ ಏಟಿನಿಂದ ಹೊರಟದ್ದು. ಅಲ್ಲಿ ಮಂದಿರ ನಿಶ್ಶಬ್ದವಾಗಿತ್ತು. ರವಿಶಂಕರ್ ಅವರು ಎರಡನೆಯ ಚಿತ್ರಕ್ಕೆಂದು ಬೇರೊಬ್ಬ ಚಲಪತಿಯನ್ನು ಕಟ್ಟಲಿಲ್ಲ. ಮುಖವನ್ನು ಕ್ರೂರ ಮಾಡಿಕೊಳ್ಳಲಿಲ್ಲ. ಅದೇ ನಡಿಗೆ, ಕರ್ತವ್ಯದಲ್ಲಿ ಅದೇ ನಂಬಿಕೆ. ಹಾಗಾದರೆ ಮೊದಲು ಸಿಳ್ಳೆ ಹಾಕಿದ್ದು ಯಾವುದಕ್ಕೆ ಎಂದು ಪ್ರೇಕ್ಷಕನೇ ತಡಕಾಡಬೇಕಾಗುತ್ತದೆ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ‘ವಡ್ಡಾರಾಧನೆ’ಯ ವಿದ್ಯುಚ್ಚೋರ ನೆನಪಾಗುವುದು ಸಹಜ. ಹಗಲು ಕುಷ್ಠರೋಗಿಯಂತೆ ಪಾಳುಗುಡಿಯಲ್ಲಿ ಬಿದ್ದಿರುವ ಕಳ್ಳ. ಅರಸನ ಗಡುವಿಗೆ ಸಿಕ್ಕಿದ ತಳಾರ ಯಮದಂಡ. ಆ ರೋಗಿಯನ್ನೇ ಹಿಡಿದು ತಂದು ರಾತ್ರಿಯಿಡೀ ಬಗೆಬಗೆಯಾಗಿ ದಂಡಿಸಿದರೂ ಅವನು ಬಾಯಿಬಿಡುವುದಿಲ್ಲ. ಅವನು ಕಳ್ಳನೇ ಹೌದು. ಯಮದಂಡನ ಊಹೆಯೂ ಸರಿ. ಆದರೂ ಆ ರಾತ್ರಿಯನ್ನು ಓದುವವನ ಮೈ ನಡುಗುತ್ತದೆ. ಸಾವಿರ ವರ್ಷದ ಹಿಂದಿನ ಆ ಗದ್ಯಕಾರ ಕಳ್ಳನನ್ನು ನಿರಪರಾಧಿ ಮಾಡದೆಯೇ ಹಿಂಸೆಯನ್ನು ಹಿಂಸೆಯೆಂದು ತೋರಿಸಬಲ್ಲವನಾಗಿದ್ದ. ನಮ್ಮ ಚಿತ್ರದವರಿಗೆ ಆ ಧೈರ್ಯ ಸಾಲದಾಯಿತು. ‘3’ರಲ್ಲಿ ಕಥೆ ಮತ್ತೆ ಚಲಪತಿಯ ಬಾಯಿಗೆ ಬರುತ್ತದೆ, ಬಂದಿಗಳು ಹೇಳಿದ್ದು ಸುಳ್ಳೆಂದು ಸಾಧಿಸಿ, ಹಿಂದಿನ ಚಿತ್ರದ ಏಟುಗಳಿಗೆಲ್ಲ ರಸೀತಿ ಕೊಟ್ಟುಬಿಡಲಾಗುತ್ತದೆ. ಅಪರಾಧಿಯೆಂದು ತಿಳಿದರೆ ಹೊಡೆದದ್ದು ಸರಿ ಎಂಬ ಲೆಕ್ಕ ಇದು.

ಇದರ ನಷ್ಟ ಮೊದಲು ತಟ್ಟಿದ್ದು ನಟರಿಗೇ. ‘2’ರಲ್ಲಿ ಠಾಣೆಯ ನೆಲದ ಮೇಲೆ ಬಿದ್ದ ಪೂಜಾ ಗಾಂಧಿಯವರ ಮುಖದಲ್ಲಿ ತಪ್ಪಿತಸ್ಥಳ ಗುರುತೂ ಇರಲಿಲ್ಲ, ನಿರಪರಾಧಿಯ ಗುರುತೂ ಇರಲಿಲ್ಲ, ನೋವು ಮಾತ್ರ ಇತ್ತು. ಆ ದೃಶ್ಯಗಳಲ್ಲಿ ಒಂದರ ವಿಷಯವಾಗಿ ಎದ್ದ ಗದ್ದಲದಲ್ಲಿ ಅಭಿನಯದ ಮಾತೇ ಯಾರಿಗೂ ಬೇಡವಾಯಿತು. ಮೂರನೆಯದರಲ್ಲಿ ಅದೇ ಮುಖಕ್ಕೆ ಮತ್ತೆ ಕೊಲೆಗಾತಿಯ ನಗೆಯನ್ನು ಅಂಟಿಸಲಾಗಿದೆ. ಹೊಸ್ತಿಲಿನ ಲಕ್ಷ್ಮಿ ಅಲ್ಲಿ ಕಾಣುವುದಿಲ್ಲ. ಶ್ರುತಿಯವರ ಪಾತ್ರವೂ ಹಾಗೆಯೇ. ‘2’ರಲ್ಲಿ ಕೇಳಿಸಿಕೊಳ್ಳುವುದೇ ಅವರ ಅಭಿನಯ, ಸುಲಭವಲ್ಲದ ಅಭಿನಯ. ‘3’ರಲ್ಲಿ ಅವರು ತಲೆದೂಗಲು ಮಾತ್ರ ಕುಳಿತಂತಿದೆ. ರವಿಶಂಕರ್ ಒಬ್ಬರು ಅಲ್ಲಿಯೂ ಕೆಡಲಿಲ್ಲ. ಗೆದ್ದ ಚಲಪತಿಯ ದನಿಯಲ್ಲಿ ಅವರು ಗೆಲುವಿನ ಹಿಗ್ಗನ್ನು ಬೆರೆಸಿಲ್ಲ. ಚಿತ್ರ ಕೇಳಿದ್ದಕ್ಕಿಂತ ಹೆಚ್ಚನ್ನು ನಟ ಕೊಟ್ಟಿದ್ದಾನೆ.

2019ರಲ್ಲಿ ನಾಲ್ಕನೆಯದೊಂದು ಬಂತು. ನಿರ್ದೇಶಕರು ಬೇರೆ, ಪೂಜಾ ಗಾಂಧಿಯವರ ಬದಲು ಸುಮನ್ ರಂಗನಾಥ್. ಅರ್ಧ ನೋಡುವಷ್ಟರಲ್ಲಿ ಎದ್ದು ಬಂದೆ.