'ಅಪನಂಬಿಕೆ'ಯ ಅರ್ಥವಿಚಾರ

ಅವಿಶ್ವಾಸ, ಸಂಶಯ, ಅಪನಂಬಿಕೆ ಇವು ಮೂರೂ ಒಂದೇ ಎಂದು ತರಗತಿಗಳಲ್ಲಿ ಬರೆಯಿಸುವ ವಾಡಿಕೆಯುಂಟು. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹಗ್ಗವೋ ಹಾವೋ ಎಂದು ಮನಸ್ಸು ತೂಗಾಡುವುದು ಸಂಶಯ. ಅವಿಶ್ವಾಸವು ಈಗ ಬಹುಮಟ್ಟಿಗೆ ಸಭೆಯ ಮಾತು. 1963ರಲ್ಲಿ ಆಚಾರ್ಯ ಕೃಪಲಾನಿಯವರು ಲೋಕಸಭೆಯಲ್ಲಿ ನೆಹರೂ ಸರ್ಕಾರದ ಮೇಲೆ ತಂದುದು ಅವಿಶ್ವಾಸದ ಗೊತ್ತುವಳಿಯೇ ಹೊರತು ಅಪನಂಬಿಕೆಯದಲ್ಲ. ಅಪನಂಬಿಕೆಯಾದರೋ ಮನುಷ್ಯನು ಮನುಷ್ಯನಲ್ಲಿ ಇಡುವುದು. ಮಾತು ತಪ್ಪಿದ ಸಾಲಗಾರನಲ್ಲಿ ಸಾಲ ಕೊಟ್ಟವನಿಗೆ ಹುಟ್ಟುವುದು ಇದೇ.

ಸಂಸ್ಕೃತದ ಉಪಸರ್ಗವು ದೇಶೀಯ ಪದಕ್ಕೆ ಹತ್ತಿದುದನ್ನು ಕಂಡು ಅರಿಸಮಾಸದ ನೆನಪಾಗಿ ಲಕ್ಷಣಪ್ರಿಯರು ಮೂಗು ಮುರಿಯಬಹುದು. ಮುರಿಯಲಿ. ತೆಲುಗಿನವರು 'ಅಪನಮ್ಮಕಂ' ಎಂದರು, ತಮಿಳರು 'ಅವನಂಬಿಕ್ಕೈ' ಎಂದರು. ನೆರೆಹೊರೆಯವರೆಲ್ಲ ಒಂದೇ ತಪ್ಪು ಮಾಡಿದಾಗ ಅದನ್ನು ತಪ್ಪೆನ್ನುವುದು ಕಷ್ಟ.

ಆದರೆ ರೂಪವು ಒಂದಾದ ಮಾತ್ರಕ್ಕೆ ಅರ್ಥವು ಒಂದಾಗದು. ತಮಿಳಿನ 'ನಂಬಿಕ್ಕೈ'ಯಲ್ಲಿ ವಿಶ್ವಾಸದೊಡನೆ ಆಶೆಯೂ ಅಡಗಿದೆ. ಆದಕಾರಣ ನಮ್ಮ ನಿರಾಶಾವಾದಿಯು ಅಲ್ಲಿ 'ಅವನಂಬಿಕ್ಕೈವಾದಿ'. ಮಧುರೆ ಸೀಮೆಯ ಕಪ್ಪಿಲಿಯರು ಕನ್ನಡದ ಒಕ್ಕಲು ಮಕ್ಕಳೆಂದು ಥರ್ಸ್ಟನ್ನನು 1909ರಲ್ಲಿಯೇ ಬರೆದನು. ಆ ಸೀಮೆಯಿಂದ 1985ರಲ್ಲಿ ದಿಂಡುಗಲ್ಲೂ 1996ರಲ್ಲಿ ತೇನಿಯೂ ಬೇರೆ ಜಿಲ್ಲೆಗಳಾದವು. ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾದರೂ ಓದುಬರಹ ತಮಿಳು. ಹೀಗಿರಲು ತಮಿಳಿನ ಅರ್ಥವು ಕನ್ನಡದ ಪದದೊಳಕ್ಕೆ ಸದ್ದಿಲ್ಲದೆ ಇಳಿಯುವುದು ಸಹಜವೇ.

ಇದರಿಂದ ಆಗುವ ತೊಡಕು ಸಣ್ಣದಲ್ಲ. ಆ ಕಣಿವೆಯ ಗದ್ದೆಗಳಿಗೆ ನೀರು 1895ರಲ್ಲಿ ಮುಗಿದ ಮುಲ್ಲಪೆರಿಯಾರು ಅಣೆಕಟ್ಟಿನದು, ಅಣೆಕಟ್ಟಿರುವುದು ಕೇರಳದಲ್ಲಿ, ವ್ಯಾಜ್ಯವು 2006ರಲ್ಲೊಮ್ಮೆ, 2014ರಲ್ಲೊಮ್ಮೆ ಸುಪ್ರೀಂ ಕೋರ್ಟಿನ ತೀರ್ಪನ್ನು ಕಂಡಿದೆ. ಕಂಬದ ಒಕ್ಕಲಿಗನೊಬ್ಬನು 'ಎರಡನೆಯ ಬೆಳೆಯ ನೀರಿನಲ್ಲಿ ಅಪನಂಬಿಕೆ ಬಂತು' ಎಂದನೆಂದು ಇಟ್ಟುಕೊಳ್ಳೋಣ. ಮೈಸೂರಿನ ವಾಚಕನು ಇದರಲ್ಲಿ ನೆರೆರಾಜ್ಯದ ಮೇಲಣ ದೂರನ್ನು ಕೇಳುವನು. ಹೇಳಿದವನಾದರೋ ಯಾರನ್ನೂ ದೂರಲಿಲ್ಲ. ಬೆಳೆಯ ಆಶೆ ಕೈಬಿಟ್ಟಿತೆಂದು ನಿಟ್ಟುಸಿರುಬಿಟ್ಟನು, ಅಷ್ಟೆ.

ಇಂಥ ಪ್ರಯೋಗವು ಕಂಡಲ್ಲಿ ಉಪಾಧ್ಯಾಯರು ಕೆಂಪು ಗೀಟೆಳೆದು ಮುಂದೆ ಹೋಗುವುದು ಸುಲಭ. ಶಾಲೆಯ ಆಸರೆಯಿಲ್ಲದೆ ತಲೆಮಾರುಗಳಿಂದ ಬಾಯಲ್ಲಿಯೇ ಉಳಿದು ಬಂದ ಕನ್ನಡಕ್ಕೆ ಆ ಗೀಟು ಅನ್ಯಾಯ. 'ಆಶಾಭಂಗ, ತಮಿಳುನಾಡಿನ ಕನ್ನಡದಲ್ಲಿ' ಎಂದು ಕೋಶದಲ್ಲಿ ಒಂದು ಪಂಕ್ತಿ ಸೇರಿಸಿದರೆ ಪದಕ್ಕೆ ಕುಂದಿಲ್ಲ. ಜೊತೆಗೆ, ನಂಬುವುದಕ್ಕೆ ನಮ್ಮಲ್ಲಿ 'ನೆಚ್ಚು' ಎಂಬ ಹಳೆಯ ಮಾತೂ ಉಂಟಷ್ಟೆ. ತೇನಿ, ಬೋಡಿ ಕಡೆಯ ಮನೆಗಳ ಮುದುಕಿಯರ ಬಾಯಲ್ಲಿ ಅದು ಯಾವ ರೂಪದಲ್ಲಿದೆಯೆಂದು ಅಲ್ಲಿಗೆ ಹೋಗಿಬರುವ ಉಪಾಧ್ಯಾಯರು ಕೇಳಿ ಬರೆದುಕೊಳ್ಳಬೇಕು.