ಹೊಳೆ ಮರೆತ ಕರಾವಳಿ ಪ್ರವಾಸ

ಕರಾವಳಿ ಪ್ರವಾಸಕ್ಕೆ ಈಗ ಒಂದು ಸಿದ್ಧ ಪಟ್ಟಿಯಿದೆ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿದರೆ ಬೆಳಿಗ್ಗೆ ಗೋಕರ್ಣ, ಓಂ ಬೀಚು, ಮಿರ್ಜಾನ್ ಕೋಟೆಯಲ್ಲಿ ಅರ್ಧ ಗಂಟೆ, ಸಂಜೆಗೆ ಮುರ್ಡೇಶ್ವರ, ಮರುದಿನ ಉಡುಪಿ, ಮಲ್ಪೆ. 66ನೇ ರಾಷ್ಟ್ರೀಯ ಹೆದ್ದಾರಿ ಮುಟ್ಟಿದಷ್ಟೇ ಕರಾವಳಿ. ಕಡಲಲ್ಲಿ ಮೀಯಲು ಬಂದವರಿಗೆ ಇದು ಧಾರಾಳವಾಯಿತು. ಆದರೆ ‘ಐತಿಹಾಸಿಕ ತಾಣಗಳು’ ಎಂದು ಜಾಹೀರಾತು ಹಾಕಿ ದುಡ್ಡು ಪಡೆದ ಮೇಲೆ ಈ ಪಟ್ಟಿ ಸಾಲದು.

ಏಕೆಂದರೆ ಇಲ್ಲಿನ ಇತಿಹಾಸ ಬೆಳೆದದ್ದು ಹೆಚ್ಚಾಗಿ ಹೊಳೆಗಳ ಆಸುಪಾಸಿನಲ್ಲಿ. ಗಾಳಿಮಳೆಗೆ ಒಡ್ಡಿಕೊಂಡ ಬಯಲು ದಂಡೆಯಲ್ಲಿ ಹಡಗು ನಿಲ್ಲಿಸುವವರಾರು? ಅಳಿವೆ ದಾಟಿ ಒಳಗೆ ಬಂದರೆ ನೀರು ಶಾಂತ. ಘಟ್ಟದ ಮೆಣಸಿಗೂ ಅದೇ ದಾರಿ. ಹಾಗಾಗಿ ಅಘನಾಶಿನಿಗೆ ಮಿರ್ಜಾನ್, ಶರಾವತಿಗೆ ಗೇರುಸೊಪ್ಪೆ, ವಾರಾಹಿಗೆ ಬಸರೂರು, ಸೀತಾನದಿಗೆ ಬಾರಕೂರು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯದು ಇದೇ ಗೇರುಸೊಪ್ಪೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಅಲ್ಲಿಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿ ಸೇರಿದ. ಅದೇ ವರ್ಷ ಉಳ್ಳಾಲದ ರಾಣಿಯನ್ನೂ ಕಂಡ: ಬರಿಗಾಲಲ್ಲಿ, ಕಾಮಗಾರಿ ನೋಡಿಕೊಂಡು ಬರುತ್ತಿದ್ದವಳನ್ನು. ನಾನೂರು ವರ್ಷ ಹಿಂದಿನ ಆ ವಿದೇಶೀಯ ಕಂಡಷ್ಟು ಕರಾವಳಿಯನ್ನು ನಮ್ಮ ಏಸಿ ಬಸ್ಸು ತೋರಿಸುವುದಿಲ್ಲ.

ಮುರ್ಡೇಶ್ವರವನ್ನೇ ನೋಡಿ. 123 ಅಡಿಯ ಶಿವ, ಲಿಫ್ಟ್ ಇರುವ ಇಪ್ಪತ್ತು ಅಂತಸ್ತಿನ ಗೋಪುರ; ಎರಡೂ ಈಚಿನ ದಶಕಗಳಲ್ಲಿ ಎದ್ದವು. ಗೋಪುರದ ಮೇಲಿಂದ ಕಾಣುವ ಕಡಲು ಚೆಂದವೇ, ಸಾಲಿನಲ್ಲಿ ನಿಂತದ್ದು ದಂಡವಲ್ಲ. ಅಲ್ಲಿಂದ ಭಟ್ಕಳಕ್ಕೆ ಅರ್ಧ ಗಂಟೆಯೂ ಬೇಡ. ಅಲ್ಲಿ ಹದಿನಾರನೇ ಶತಮಾನದ ಕೇತಪೈ ನಾರಾಯಣ ದೇವಸ್ಥಾನವಿದೆ. ಅದರ ಮಾಡನ್ನು ನಿಧಾನವಾಗಿ ನೋಡಬೇಕು. ಚಪ್ಪಟೆ ಕಲ್ಲುಚಪ್ಪಡಿಗಳನ್ನು ಹೆಂಚಿನ ಮನೆಯಂತೆ ಇಳಿಜಾರಾಗಿ ಹೊದಿಸಿದ್ದಾರೆ; ಕಂಬಗಳ ನಡುವೆ ಕಲ್ಲಿನ ಜಾಲಂದ್ರ, ಮರಗೆಲಸದವನ ಕೈಯಿಂದ ಬಂದ ಹಾಗೆ. ಈ ನಾಡಿನ ಮಳೆಗೆ ಬಡಗಿ ಕಂಡುಕೊಂಡ ಉಪಾಯವನ್ನು ಶಿಲ್ಪಿ ಕಲ್ಲಿಗೆ ದಾಟಿಸಿದ್ದಾನೆ. ಗೋಡೆಯಲ್ಲಿ ರಾಮಾಯಣದ ಕೆತ್ತನೆಗಳಿವೆ. ನನ್ನ ಕಣ್ಣಿಗೆ ಇಡೀ ದಂಡೆಯಲ್ಲೇ ಇದಕ್ಕಿಂತ ಜಾಣ ಕಟ್ಟಡ ಅಪರೂಪ. ಆದರೂ ಬಸ್ಸು ನಿಲ್ಲುವುದಿಲ್ಲ.

ಮಿರ್ಜಾನಿನಲ್ಲಿ ನಿಲ್ಲುತ್ತದೆ, ನಿಜ. ಮಳೆಗಾಲದಲ್ಲಿ ಹಸಿರು ಹಾವಸೆ ಹತ್ತಿದ ಆ ಚಿರೆಕಲ್ಲಿನ ಗೋಡೆಗಳು ಫೋಟೊಕ್ಕೆ ಚೆನ್ನಾಗಿ ಬರುತ್ತವೆ. ಮದುವೆಗೆ ಮುಂಚಿನ ಫೋಟೊಶೂಟಿನವರಿಗೂ ಅದು ಗೊತ್ತು. ಕೋಟೆ ಇಲ್ಲೇ ಯಾಕೆ ಎಂಬ ಒಂದು ಪ್ರಶ್ನೆ ಎತ್ತಿ ಗೈಡು ಹೊಳೆಯ ಕಡೆ ಕೈ ತೋರಿಸಿದರೆ ಸಾಕಿತ್ತು. ಬಹಳ ಸಲ ಚೆನ್ನಭೈರಾದೇವಿಯ ಹೆಸರು ಹೇಳಿ ಮುಗಿಸುತ್ತಾನೆ. ಅವನ ತಪ್ಪೂ ಅಲ್ಲ, ಕೊಟ್ಟಿರುವುದೇ ಅರ್ಧ ಗಂಟೆ.

ಮುಂದಿನ ಸಲ ಹೋಗುವವರು ಪಟ್ಟಿಯಿಂದ ಒಂದು ಬೀಚು ಕಳೆಯಿರಿ. ಆ ಅರ್ಧ ದಿನವನ್ನು ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಕೊಡಿ. ಹೊನ್ನಾವರದಲ್ಲಿ ದಾರಿ ಕೇಳುವಾಗ ನಗರಬಸ್ತಿಕೇರಿ ಎನ್ನಿ.